5 ವರ್ಷದ ಸಿಂಗಲ್ ಮಾಲ್ಟ್ 10 ವರ್ಷದ್ದಕ್ಕಿಂತ ಕಡಿಮೆಯಾ?

ಪ್ರಶ್ನೆ: ಸ್ಕಾಟ್ಲೆಂಡಿನ ಆರ್ಡ್‌ಬೆಗ್ ಡಿಸ್ಟಿಲರಿಯ (ವಿಸ್ಕಿ ಬಟ್ಟಿ ಇಳಿಸುವ ಕಡೆ) ಎರಡು ಬಾಟಲಿ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ, ಮನೆಗೆ ಬಂದಿವೆ. ಒಂದು 5 ವರ್ಷದ ವೀ ಬೀಸ್ಟಿ, ಇನ್ನೊಂದು 10 ವರ್ಷದ್ದು. ಎಳೆಯದು ಅಂದರೆ ಇನ್ನೂ ಪಕ್ವ ಆಗದ್ದಾ? ಎರಡನ್ನೂ ಹೋಲಿಸಿ ನೋಡುವುದು ಹೇಗೆ?

ಒಳ್ಳೆಯ ಜೋಡಿ ಸಿಕ್ಕಿದೆ ನಿಮಗೆ. ಹೆಚ್ಚಿನವರು ಒಂದು ಕಡೆಯ 5 ವರ್ಷದ್ದನ್ನು ಇನ್ನೊಂದು ಕಡೆಯ 12 ವರ್ಷದ್ದರ ಪಕ್ಕ ಇಡುತ್ತಾರೆ. ಆಗ ಕಾಣುವ ವ್ಯತ್ಯಾಸ ವಯಸ್ಸಿನದ್ದೋ, ಡಿಸ್ಟಿಲರಿಯದ್ದೋ ಗೊತ್ತೇ ಆಗುವುದಿಲ್ಲ. ನಾನೂ ಮೊದಲು ಹಾಗೇ ಮಾಡಿದ್ದೆ, ಏನೂ ಕಲಿಯಲಿಲ್ಲ. ನಿಮ್ಮ ಹತ್ತಿರ ಇರುವುದು ಒಂದೇ ಮನೆಯ ಅಣ್ಣ ತಮ್ಮ.

ಬಾಟಲಿ ಮೇಲಿನ ಅಂಕಿ ಹೇಳುವುದು ಇಷ್ಟೇ: ಒಳಗಿರುವ ಅತಿ ಎಳೆಯ ವಿಸ್ಕಿ ಓಕ್ ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತು ಎಂದು. ಸ್ಕಾಚ್ ಎನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲೇ ಕನಿಷ್ಠ 3 ವರ್ಷ ಇರಬೇಕು. ಹಾಗಾಗಿ 5 ವರ್ಷದ್ದು ಅರ್ಧಕ್ಕೆ ಬಿಟ್ಟ ಕೆಲಸ ಅಲ್ಲ.

ಆ ವರ್ಷಗಳಲ್ಲಿ ಆಗುವುದೇನು? ಬಟ್ಟಿ ಇಳಿಸಿದ ಹೊಸ ಸ್ಪಿರಿಟ್‌ನ ಒರಟು ವಾಸನೆಯನ್ನು ಮರ ತೆಗೆಯುತ್ತದೆ, ವೆನಿಲ್ಲಾದಂಥ ಸಿಹಿ ಕೊಡುತ್ತದೆ. ಜೊತೆಗೆ ಹೊಗೆಯೂ ಮೆತ್ತಗಾಗುತ್ತಾ ಹೋಗುತ್ತದೆ. ಐಲಾ ದ್ವೀಪದ ಆರ್ಡ್‌ಬೆಗ್‌ಗೆ ಇದು ದೊಡ್ಡ ವಿಷಯ. ಅಲ್ಲಿಯ ಬಾರ್ಲಿ ಒಣಗುವುದು ಪೀಟ್ ಹೊಗೆಯಲ್ಲಿ. ಪೀಟ್ ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ, ಸಸ್ಯ ಕೊಳೆತು ಆದ ಮಣ್ಣು. ಹೊಗೆ ಬೇಕು ಅನ್ನುವವರಿಗೆ ಎಳೆಯ ವಯಸ್ಸೇ ಲಾಭ. ಹೊಗೆಯಿಲ್ಲದ ಮೆದು ಮಾಲ್ಟ್‌ಗಳಿಗೆ ಮಾತ್ರ ಇದೇ ಮಾತು ನಾನು ಹೇಳಲಾರೆ. ಅವುಗಳ ರುಚಿ ಪೀಪಾಯಿಯ ಮರವನ್ನೇ ಜಾಸ್ತಿ ನಂಬಿಕೊಂಡಿದೆ.

ಈ ಡಿಸ್ಟಿಲರಿ ಒಮ್ಮೆ ನಮಗೆಲ್ಲ ಚೆಂದದ ಪಾಠ ಮಾಡಿತ್ತು. ನಿಂತುಹೋಗಿದ್ದ ಅದನ್ನು 1997ರಲ್ಲಿ ಗ್ಲೆನ್‌ಮಾರಂಜಿ ಕಂಪನಿ ಕೊಂಡಿತು. 1998ರಲ್ಲಿ ಇಳಿಸಿದ ಸ್ಪಿರಿಟ್ 10 ವರ್ಷ ತುಂಬುವ ತನಕ ಸುಮ್ನೆ ಕಾಯಲಿಲ್ಲ. 2004ರಲ್ಲಿ 'ವೆರಿ ಯಂಗ್', 2006ರಲ್ಲಿ 'ಸ್ಟಿಲ್ ಯಂಗ್', 2007ರಲ್ಲಿ 'ಆಲ್ಮೋಸ್ಟ್ ದೇರ್', 2008ರಲ್ಲಿ 'ರಿನೈಸಾನ್ಸ್' ಎಂದು ಹೊರತಂದರು. ಮಗು ಬೆಳೆಯುವುದನ್ನು ಫೋಟೊ ಹಿಡಿದ ಹಾಗೆ!

ಈಗ ನಿಮ್ಮ ಬಾಟಲಿಗಳು. ಮದ್ಯಸಾರ ವೀ ಬೀಸ್ಟಿಯಲ್ಲಿ 47.4%, ಟೆನ್‌ನಲ್ಲಿ (10 ವರ್ಷದ್ದು) 46%. ಒಂದೇ ತರಹದ ಎರಡು ಗ್ಲಾಸ್‌ಗಳಲ್ಲಿ 20 ಮಿ.ಲೀ. ಸಾಕು. ಮನೆಯವರ ಕೈಲಿ ಸುರಿಸಿ, ಯಾವುದು ಯಾವುದು ಎಂದು ನಿಮಗೆ ಹೇಳದಿರಲಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. 10 ಅನ್ನುವ ಅಂಕಿ ಕಂಡರೆ ನಾಲಿಗೆ ಅದರ ಕಡೆ ವಾಲುತ್ತದೆ.

ಮೂಗನ್ನು ಗ್ಲಾಸ್ ಒಳಗೆ ತೂರಿಸದೆ, ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಮೂಸಿ. ಎಳೆಯದರಲ್ಲಿ ನನಗೆ ಮೊದಲು ಸಿಗುವುದು ಬಚ್ಚಲೊಲೆಗೆ ಹಸಿ ಸೌದೆ ಒಡ್ಡಿದಾಗಿನ ಹೊಗೆ, ಹಿಂದೆಯೇ ಪೇರಳೆ ಮತ್ತು ಹಸಿ ಧಾನ್ಯ. ಹತ್ತರಲ್ಲಿ ನಿಂಬೆ, ವೆನಿಲ್ಲಾ ಮುಂದೆ ಬರುತ್ತವೆ, ಹೊಗೆ ಅವುಗಳ ಜೊತೆ ಹದವಾಗಿ ಕೂರುತ್ತದೆ. ಒಂದು ಮಾತು ನೆನಪಿರಲಿ: ಟೆನ್ ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯದು, ವೀ ಬೀಸ್ಟಿಯಲ್ಲಿ ಓಲೊರೊಸೊ ಶೆರಿ (ಸ್ಪೇನಿನ ಒಂದು ಬಗೆಯ ವೈನ್) ಪೀಪಾಯಿಯದೂ ಸೇರಿದೆ. ಒಣದ್ರಾಕ್ಷಿಯ ಸಿಹಿ ಸಿಕ್ಕರೆ ಅದು ವಯಸ್ಸಿನದ್ದಲ್ಲ, ಶೆರಿಯದ್ದು.

ಆಮೇಲೆ ನೀರು, ಅದನ್ನೂ ಮನೆಯವರೇ ಹಾಕಲಿ. ಎರಡನ್ನೂ 40%ಗೆ ಇಳಿಸಿದರೆ ಹೋಲಿಕೆ ನ್ಯಾಯವಾಗುತ್ತದೆ. 20 ಮಿ.ಲೀ. ವೀ ಬೀಸ್ಟಿಗೆ 3.7, ಟೆನ್‌ಗೆ 3 ಮಿ.ಲೀ. ನೀರು. ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಸುಲಭವಾಗಿ ಅಳೆಯಬಹುದು.

ವರ್ಷ ಎಣಿಸುವುದು ಎಲ್ಲ ಊರಿಗೂ ಒಂದೇ ಅಲ್ಲ, ಅಲ್ವಾ? ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ 10-12% ಹೋಗುತ್ತದೆ. ಇಲ್ಲಿಯ ಬಿಸಿಲಿಗೆ ಮರ ಬೇಗ ಕೆಲಸ ಮಾಡುತ್ತದೆ.

ಕುಡಿದು ಮುಗಿದ ಮೇಲೆ ಗ್ಲಾಸ್ ತೊಳೆಯಬೇಡಿ. ಬೆಳಿಗ್ಗೆ ಎದ್ದು ಎರಡನ್ನೂ ಮತ್ತೆ ಮೂಸಿ. ಮದ್ಯದ ಖಾರ ಹೋಗಿ ಹೊಗೆ, ಮರ ಅಷ್ಟೇ ಉಳಿದಿರುತ್ತವೆ. ನನಗೆ ವ್ಯತ್ಯಾಸ ಅತಿ ಸ್ಪಷ್ಟವಾಗಿ ಕಂಡಿದ್ದು ಆ ಖಾಲಿ ಗ್ಲಾಸ್‌ಗಳಲ್ಲೇ.