ಬೀದಿಯ ಕ್ಯಾಮೆರಾ ನನ್ನನ್ನು ಕಳ್ಳ ಅಂದುಕೊಂಡರೆ?

ಪ್ರಶ್ನೆ: ಮುಖ ಗುರುತಿಸುವ ಕ್ಯಾಮೆರಾಗಳನ್ನು ಪೊಲೀಸರು ಎಲ್ಲ ಕಡೆ ಹಾಕುತ್ತಿದ್ದಾರಂತೆ. ತಪ್ಪು ಮಾಡದ ನಾನು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಉತ್ತರ: ಆ ಯಂತ್ರ ಯಾವತ್ತೂ ‘ಇವನೇ ಅವನು’ ಅನ್ನುವುದಿಲ್ಲ. ನಿಮ್ಮ ಮುಖವನ್ನು ಅಂಕಿಗಳ ಸಾಲಾಗಿ ಮಾಡಿಕೊಂಡು, ಪೊಲೀಸರ ಪಟ್ಟಿಯಲ್ಲಿರುವ ಫೋಟೊಗಳ ಜೊತೆ ಹೋಲಿಸಿ, ‘ಇಷ್ಟು ಹೋಲುತ್ತದೆ’ ಅನ್ನುತ್ತದೆ. ಎಷ್ಟು ಹೋಲಿದರೆ ಸಾಕು ಅಂತ ಗೆರೆ ಎಳೆಯುವುದು ಮನುಷ್ಯರೇ. 2022ರಲ್ಲಿ ದೆಹಲಿ ಪೊಲೀಸರು ಆರ್‌ಟಿಐ ಅರ್ಜಿಗೆ ಕೊಟ್ಟ ಉತ್ತರದ ಪ್ರಕಾರ ಅವರ ಗೆರೆ ಶೇ 80. ಅದಕ್ಕಿಂತ ಕಡಿಮೆ ಬಂದವರನ್ನೂ ಪೂರ್ತಿ ಕೈಬಿಡುವುದಿಲ್ಲ, ಬೇರೆ ಸಾಕ್ಷ್ಯ ಹುಡುಕುತ್ತಾರೆ.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ಮೆಜೆಸ್ಟಿಕ್‌ನಲ್ಲಿ ಒಂದು ದಿನ 1 ಲಕ್ಷ ಜನ ಕ್ಯಾಮೆರಾ ಮುಂದೆ ಹಾದುಹೋದರು ಅನ್ನಿ. ಯಂತ್ರ ಬಹಳ ಒಳ್ಳೆಯದು, ಸಾವಿರಕ್ಕೆ ಒಮ್ಮೆ ಮಾತ್ರ ತಪ್ಪುತ್ತದೆ. ಆದರೂ 100 ಅಮಾಯಕರ ಮೇಲೆ ಗಂಟೆ ಬಾರಿಸುತ್ತದೆ. ಅವತ್ತು ಪಟ್ಟಿಯಲ್ಲಿದ್ದವರು ಐದೇ ಜನ ಬಂದಿದ್ದರೆ? ಸಿಕ್ಕಿಬಿದ್ದ 105 ಜನರಲ್ಲಿ 100 ಮಂದಿ ನಿಮ್ಮ ಹಾಗೆ ಬಸ್ ಹಿಡಿಯಲು ಬಂದವರು. ಜನ ಜಾಸ್ತಿ ಆದಷ್ಟೂ ಈ ತಾಪತ್ರಯವೂ ಜಾಸ್ತಿ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ 2020ರ ಜನವರಿಯಲ್ಲಿ ಇಂಥದ್ದೇ ಆಯಿತು. ಅಂಗಡಿಯಲ್ಲಿ ವಾಚು ಕದ್ದವನ ಮಸುಕು ಚಿತ್ರ ಒಬ್ಬರ ಹಳೆಯ ಲೈಸೆನ್ಸ್ ಫೋಟೊಗೆ ತಾಳೆಯಾಯಿತು. ಹೆಂಡತಿ, ಪುಟ್ಟ ಹೆಣ್ಣುಮಕ್ಕಳ ಎದುರೇ ಬೇಡಿ ಬಿತ್ತು. ಸುಮಾರು 30 ಗಂಟೆ ಲಾಕಪ್. ವಿಚಾರಣೆಯಲ್ಲಿ ಅವರು ಆ ಚಿತ್ರವನ್ನು ತಮ್ಮ ಮುಖದ ಪಕ್ಕ ಹಿಡಿದು ತೋರಿಸಿದರು. ನೋಡಿದ ಯಾರಿಗೂ ಗೊತ್ತಾಗುವಂತಿತ್ತು, ಬೇರೆ ಮನುಷ್ಯ ಅಂತ. ಅದನ್ನು ಬಂಧನಕ್ಕೆ ಮೊದಲೇ ನೋಡಬಹುದಿತ್ತು, ಅಲ್ವಾ? ನನ್ನನ್ನು ಕಾಡುವುದು ಯಂತ್ರದ ತಪ್ಪಿಗಿಂತ ಇದೇ: ಕಂಪ್ಯೂಟರ್ ಹೇಳಿದ ಮೇಲೆ ಮನುಷ್ಯ ಕಣ್ಣು ಬಿಟ್ಟು ನೋಡುವುದನ್ನೇ ನಿಲ್ಲಿಸುತ್ತಾನೆ. ಡೆಟ್ರಾಯಿಟ್ ನಗರದ ಜೊತೆ 2024ರಲ್ಲಿ ಆದ ರಾಜಿಯಲ್ಲಿ, ತಪ್ಪಾಗಿ ಬಂಧನಕ್ಕೊಳಗಾದ ಅವರಿಗೆ 3 ಲಕ್ಷ ಡಾಲರ್ ಸಿಕ್ಕಿತು. ಬರೀ ಮುಖದ ಹೋಲಿಕೆ ನಂಬಿ ಬಂಧಿಸುವಂತಿಲ್ಲ ಎಂಬ ನಿಯಮವೂ ಅಲ್ಲಿನ ಪೊಲೀಸರಿಗೆ ಬಂತು.

ಇದರಿಂದ ಉಪಯೋಗವೇ ಇಲ್ಲ ಅಂತಲ್ಲ. ಕಳೆದುಹೋದ ಮಕ್ಕಳನ್ನು ಹುಡುಕುವಾಗ ನೂರು ಸುಳಿವು ಸುಳ್ಳಾದರೂ ಯಾರೂ ಜೈಲಿಗೆ ಹೋಗುವುದಿಲ್ಲ. (ಆದರೆ 2019ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಬಯಲಾದಂತೆ, ಅಲ್ಲಿನ ವ್ಯವಸ್ಥೆಗೆ ಹುಡುಗ ಯಾರು ಹುಡುಗಿ ಯಾರು ಅಂತಲೂ ತಿಳಿಯುತ್ತಿರಲಿಲ್ಲ!)

ನಮ್ಮಲ್ಲಿ ಇದಕ್ಕೆಂದೇ ಕಾನೂನಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹಾಕಿದವರು ನಮ್ಮದೇ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡೇಟಾ ಸಂರಕ್ಷಣಾ ಕಾಯ್ದೆ, ಅಪರಾಧ ತನಿಖೆಯ ವಿಷಯ ಬಂದಾಗ ಬಹುಪಾಲು ನಿಯಮಗಳನ್ನು ಸಡಿಲ ಬಿಡುತ್ತದೆ.

ಹಾಗಾಗಿ ಕ್ಯಾಮೆರಾ ನಿಮ್ಮನ್ನು ತಪ್ಪಾಗಿ ಗುರುತಿಸಿದರೆ ಕೈಗೆ ಸಿಗುವುದು ಹಳೆಯ ಹಕ್ಕುಗಳೇ. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹೋಲಿಕೆ ಬಿಟ್ಟು ಬೇರೇನು ಸಾಕ್ಷ್ಯ ಇದೆ ಅಂತ ವಕೀಲರ ಮೂಲಕ ಕೇಳಿಸಿ. ಅಪರಾಧ ನಡೆದ ಹೊತ್ತಿಗೆ ನೀವು ಬೇರೆ ಕಡೆ ಕಾಫಿ ಕುಡಿದು ಯುಪಿಐನಲ್ಲಿ ದುಡ್ಡು ಕೊಟ್ಟಿದ್ದರೆ, ಅದರ ದಾಖಲೆಯನ್ನೂ ತೆಗೆದಿಡಿ.