ಬ್ಯಾಗು ಬೀಳುವ ಕಡೆಯೇ ಕೊಕ್ಕೆ

ಯಾರ ಮನೆಗೆ ಹೋದರೂ ನಾನು ಮೊದಲು ಕೇಳುವುದು ಒಂದೇ. "ಮಗು ಸ್ಕೂಲಿಂದ ಬಂದ ತಕ್ಷಣ ಬ್ಯಾಗು ಎಲ್ಲಿ ಎಸೆಯುತ್ತೆ?" ತಾಯಂದಿರು ನಗುತ್ತಾರೆ. ಆಮೇಲೆ ದಿವಾನದ ಕಡೆ ಕೈ ತೋರಿಸುತ್ತಾರೆ.

ತುಮಕೂರಿನಲ್ಲಿ ಮನೆಗಳ ಒಳಾಂಗಣ ಮಾಡಿಕೊಡುವುದು ನನ್ನ ಕೆಲಸ. ಈಚೆಗೆ ಹೊಸ ಮನೆಯವರಿಗಿಂತ, ಇರುವ ಮನೆಯನ್ನೇ ಸ್ವಲ್ಪ ದಾರಿಗೆ ತಂದುಕೊಡಿ ಎನ್ನುವವರು ಜಾಸ್ತಿ. ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯುವ ತಾಯಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿಗೆ ಹೋಗುವ ತಂದೆ, ಎರಡು ಮಕ್ಕಳು, ಒಬ್ಬರು ಅಜ್ಜಿ. ಏಳು ಗಂಟೆಗೆ ಒಂದು ಕಾಲುಚೀಲ ಸಿಗಲಿಲ್ಲ ಅಂದರೆ ಮನೆಯವರೆಲ್ಲ ಲೇಟು.

ಶುರುವಿನಲ್ಲಿ ನಾನೂ ಎಡವಿದ್ದೇನೆ. ಒಂದೇ ಅಳತೆಯ ಮುಚ್ಚಳದ ಡಬ್ಬಗಳು, ಅವುಗಳ ಮೇಲೆ ಚೀಟಿ, ಬೀರುವಿನಲ್ಲಿ ಸಾಲಾಗಿ ಜೋಡಣೆ. ಫೋಟೊದಲ್ಲಿ ಬಹಳ ಚೆನ್ನಾಗಿತ್ತು. ಹದಿನೈದು ದಿನ ಬಿಟ್ಟು ಹೋದರೆ ಡಬ್ಬಗಳು ಖಾಲಿ, ಆಟದ ಸಾಮಾನು ನೆಲದ ಮೇಲೆ! ಯಾಕೆ ಅಂತ ಆಮೇಲೆ ಹೊಳೆಯಿತು. ಬೀರು ತೆಗೆಯಬೇಕು, ಡಬ್ಬ ಎಳೆಯಬೇಕು, ಮುಚ್ಚಳ ಬಿಚ್ಚಬೇಕು, ಸಾಮಾನು ಹಾಕಬೇಕು, ಮತ್ತೆ ಮುಚ್ಚಬೇಕು. ಐದು ಕೆಲಸ. ಆರು ವರ್ಷದ ಮಗು ಒಂದು ಕೆಲಸ ಮಾಡುತ್ತದೆ. ಮನಸ್ಸು ಬಂದರೆ ಎರಡು. ಈಗ ನಾನು ಮಕ್ಕಳ ಸಾಮಾನಿಗೆ ಮುಚ್ಚಳವನ್ನೇ ಇಡುವುದಿಲ್ಲ. ಬಾಯಿ ಅಗಲದ ಪ್ಲಾಸ್ಟಿಕ್ ಟಬ್ಬು, ಅಷ್ಟೇ. ದೂರದಿಂದ ಎಸೆದರೂ ಒಳಗೆ ಬೀಳಬೇಕು.

ಬ್ಯಾಗಿಗೂ ಹೀಗೆಯೇ. ದಿವಾನದ ಮೇಲೆ ಬೀಳುತ್ತದೆ ಅಂದರೆ ದಿವಾನದ ಪಕ್ಕದ ಗೋಡೆಗೆ, ಮೂರಡಿ ಎತ್ತರದಲ್ಲಿ, ಗಟ್ಟಿ ಕೊಕ್ಕೆ ಹಾಕಿಸಿ. ರೂಮಿನ ಮೂಲೆಯಲ್ಲಿ ಎಷ್ಟು ಒಳ್ಳೆಯ ಸ್ಟ್ಯಾಂಡ್ ಇಟ್ಟರೂ ಬ್ಯಾಗು ಅಲ್ಲಿಗೆ ನಡೆದು ಹೋಗಲ್ಲ. ಬಾಡಿಗೆ ಮನೆ, ಓನರ್ ಗೋಡೆ ಕೊರೆಯಲು ಬಿಡಲ್ಲ ಅಂದರೆ ಅದೇ ಜಾಗದಲ್ಲಿ ಒಂದು ಸ್ಟೂಲು ಸಾಕು. ಕೊಕ್ಕೆಯ ಕೆಳಗೆ ಪುಸ್ತಕಗಳಿಗೆ ಒಂದು ತೆರೆದ ಟ್ರೇ ಇಡಿ. 2019ರಲ್ಲಿ ನಮ್ಮ ಸರ್ಕಾರ ಬ್ಯಾಗಿನ ತೂಕಕ್ಕೆ ಮಿತಿ ಹಾಕಿತು. ಒಂದು, ಎರಡನೇ ತರಗತಿಗೆ 2 ಕೆ.ಜಿ., ಮೂರರಿಂದ ಐದಕ್ಕೆ 3 ಕೆ.ಜಿ. ದಾಟಬಾರದು. ಒಮ್ಮೆ ತೂಗಿ ನೋಡಿ. ಆ ದಿನಕ್ಕೆ ಬೇಡದ ಪುಸ್ತಕಗಳು ಮನೆಯಲ್ಲಿ ಜಾಗವಿಲ್ಲದೆ ಬ್ಯಾಗಿನಲ್ಲೇ ಸಂಸಾರ ಹೂಡಿರುತ್ತವೆ.

ಒಬ್ಬ ತಂದೆಗೆ ಇದನ್ನೆಲ್ಲ ವಿವರಿಸುವಾಗ ಅವರು, "ಮೇಡಂ, ಇದು ನಮ್ಮ ಫ್ಯಾಕ್ಟರಿಯ ಫೈವ್ ಎಸ್ ಅಲ್ವಾ?" ಅಂದರು. ಹೌದು, ಅದೇ. ಕೆಲಸದ ಜಾಗ ಓರಣವಾಗಿಡುವ ಜಪಾನಿನ ಪದ್ಧತಿ, ಐದು ಹೆಜ್ಜೆ. ಬೇಡದ್ದು ತೆಗೆ, ಉಳಿದದ್ದಕ್ಕೆ ಜಾಗ ಗೊತ್ತುಮಾಡು, ಗುಡಿಸು, ಎಲ್ಲೆಡೆ ಒಂದೇ ಕ್ರಮ ಮಾಡು, ಕೊನೆಗೆ ರೂಢಿ ಮಾಡಿಕೊ. ಮನೆಯಲ್ಲಿ ನಾವು ಐದನೆಯದರಿಂದ ಶುರು ಮಾಡುತ್ತೇವೆ. ಅಂದರೆ, ಬೈಗುಳದಿಂದ. ಫ್ಯಾಕ್ಟರಿಯ ಬೋರ್ಡಿನ ಮೇಲೆ ಸ್ಪ್ಯಾನರಿನ ಆಕಾರ ಬರೆದಿರುತ್ತಾರೆ. ಖಾಲಿ ಆಕಾರ ಕಂಡರೆ ಯಾವುದು ಕಾಣೆಯಾಗಿದೆ ಅಂತ ಕೇಳುವುದೇ ಬೇಡ. ಆ ತಂದೆಯ ಮಗಳು ಬೀರುವಿನ ಬಾಗಿಲಿನ ಒಳಗೆ ಕತ್ತರಿ, ಬಾಚಣಿಗೆ, ಸ್ಕೂಟರಿನ ಕೀ ಇಟ್ಟು ಸ್ಕೆಚ್ ಪೆನ್ನಿನಲ್ಲಿ ಸುತ್ತ ಗೆರೆ ಎಳೆದಳು. ಆ ಮನೆಯ ಕತ್ತರಿ ಇವತ್ತಿಗೂ ಅಲ್ಲೇ ಇದೆಯಂತೆ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳಲ್ಲ. ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ, ಒಣಗಿದ್ದು ನೇರ ಅದಕ್ಕೆ. ಒಳಬಟ್ಟೆ, ಕಾಲುಚೀಲ ಮಡಿಸುವುದು ಸುಮ್ನೆ ಶ್ರಮ. ಕಾಲುಚೀಲ ಎಲ್ಲವೂ ಒಂದೇ ಥರದ್ದು ಕೊಳ್ಳಿ, ಜೋಡಿ ಹುಡುಕುವ ಕೆಲಸವೇ ಇರಲ್ಲ.

ಇನ್ನು ಅಜ್ಜಿ. ಅಜ್ಜಿ ಒಪ್ಪದ ಏರ್ಪಾಡು ಒಂದು ವಾರ ಬಾಳಲ್ಲ. ಒಂದು ಮನೆಯಲ್ಲಿ ಬೇಳೆ, ಸಕ್ಕರೆ ಎಲ್ಲ ಮೇಲಿನ ಸಾಲಿನಲ್ಲಿ ಚೆಂದವಾಗಿ ಇಟ್ಟಿದ್ದೆ. ಅಜ್ಜಿ ನೋಡಿದರು. "ಅಲ್ಲ ಕಣಮ್ಮ, ನೋಡಕ್ಕೇನೋ ಚೆನ್ನಾಗೈತೆ. ನನ್ನ ಕೈಗೆ ಎಟುಕ್ಬೇಕಲ್ಲ?" ಆವತ್ತು ಅಳತೆ ಟೇಪು ಹಿಡಿದು ನೋಡಿದೆ. ಅವರಿಗೆ ಮಂಡಿನೋವು, ಬಗ್ಗಲು ಆಗಲ್ಲ. ಮೊಮ್ಮಗನಿಗೆ ಮೇಲೆ ಎಟುಕಲ್ಲ. ಇಬ್ಬರಿಗೂ ಸಲೀಸಾಗಿ ಸಿಗುವುದು ಎರಡೂವರೆ ಅಡಿಯಿಂದ ನಾಲ್ಕಡಿ ಎತ್ತರದ ನಡುವೆ. ದಿನ ಬಳಸುವುದೆಲ್ಲ ಅಲ್ಲಿರಬೇಕು. ಆದರೆ ಆ ಎತ್ತರದಲ್ಲಿ ನಮ್ಮ ಮನೆಗಳಲ್ಲಿ ಏನಿರುತ್ತದೆ? ಷೋಕೇಸು. ಗಾಜಿನ ಲೋಟದ ಸೆಟ್ಟು, ಯಾವುದೋ ಗೃಹಪ್ರವೇಶದಲ್ಲಿ ಬಂದ ಗೊಂಬೆ. ಅವನ್ನು ಮೇಲೆ ಏರಿಸಿ, ಲಂಚ್ ಬಾಕ್ಸು, ನೀರಿನ ಬಾಟಲಿ, ಕುರುಕಲು ತಿಂಡಿಯ ಡಬ್ಬ ಅಲ್ಲಿಗೆ ಇಳಿಸಿದೆವು. ಮೂರನೇ ದಿನದಿಂದ ಹುಡುಗ ಬಾಟಲಿಯನ್ನು ತಾನೇ ತುಂಬಿಸಿಕೊಳ್ಳುತ್ತಿದ್ದನಂತೆ. ಮಾತ್ರೆ, ಫಿನಾಯಿಲ್, ಆಸಿಡ್ ಮಾತ್ರ ಎತ್ತರದಲ್ಲಿ, ಬೀಗದೊಳಗೆ.

ಊರಿಂದ ಬಂದ ರಾಗಿ ಮೂಟೆ, ತೆಂಗಿನಕಾಯಿ ಎಲ್ಲಿಡುವುದು ಅಂತ ಎಲ್ಲರೂ ಕೇಳುತ್ತಾರೆ. ಮಂಚದ ಕೆಳಗೆ ಬೇಡ, ಇಲಿಗೆ ಹಬ್ಬ. ಮುಚ್ಚಳದ ಡ್ರಮ್ಮಿಗೆ ರಾಗಿ ಸುರಿದು ಬಾಲ್ಕನಿಯ ನೆರಳಿನ ಕಡೆ ಇಡಿ. ಮುಚ್ಚಳ ಬೇಕಾದದ್ದು ಇಲ್ಲಿ ನೋಡಿ.

ಅದೇ ಅಜ್ಜಿ ಪ್ಲಾಸ್ಟಿಕ್ ಕವರು ಒಂದನ್ನೂ ಬಿಸಾಡುವವರಲ್ಲ. ಬಿಸಾಡಿ ಅಂತ ನಾನು ಹೇಳಲೂ ಇಲ್ಲ. ಅಡುಗೆಮನೆ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ತೂಗುಹಾಕಿ, ಇದು ತುಂಬುವಷ್ಟು ಕವರು ನಿಮ್ಮದು ಅಂದೆ. ಮೊನ್ನೆ ಹೋದಾಗ ಚೀಲ ಅರ್ಧವೇ ಇತ್ತು. ಖುಷಿಯಾಯಿತು. ಹೊರಡುವಾಗ ಸೊಸೆ ಕಣ್ಣಲ್ಲೇ ದಿವಾನದ ಅಡಿ ತೋರಿಸಿದರು. ಅಲ್ಲಿ ಇನ್ನೊಂದು ಚೀಲವಿತ್ತು.