ನೀರಿನಿಂದ ಹೊರಗೆ ತೆಗೆದರೆ ಹವಳ ಸಾಯುತ್ತಾ?

ಪ್ರಶ್ನೆ: "ರೀಫ್ ಟ್ಯಾಂಕಿನ ಕಲ್ಲುಗಳನ್ನು ಬೇರೆ ರೀತಿ ಜೋಡಿಸಬೇಕು. ಒಂದು ಬಬಲ್ ಟಿಪ್ ಅನೆಮೊನಿ, ಒಂದಷ್ಟು ಮಶ್ರೂಮ್, ಝೋವಾ, ಒಂದು ಟಾರ್ಚ್ ಕೋರಲ್ ಕಲ್ಲಿಗೆ ಅಂಟಿಕೊಂಡಿವೆ. ಗಾಳಿ ತಾಗಿದರೆ ಸಾಯುತ್ತವೆ ಅಂತಾರೆ. ನೀರೊಳಗೇ ಕೈಹಾಕಿ ಬಿಡಿಸೋದು ಹೇಗೆ?"

(ಹೊಸಬರಿಗೆ: ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿ. ಅನೆಮೊನಿ ಕಲ್ಲಿಗೆ ಪಾದ ಅಂಟಿಸಿ ಕೂರುವ, ಹವಳದ ನಂಟಿನ ಮೆತ್ತನೆಯ ಪ್ರಾಣಿ. ಮಶ್ರೂಮ್, ಝೋವಾ ಕೂಡ ಹವಳದ ನಂಟರೇ, ಟಾರ್ಚ್ ಗಟ್ಟಿ ಅಸ್ಥಿಯ ಹವಳ.) ಬಿಡಿಸಬೇಡಿ. ಕಲ್ಲು ಸಮೇತ ಎತ್ತಿ. ನಿಮಗೆ ಬದಲಾಗಬೇಕಿರುವುದು ಕಲ್ಲಿನ ಜೋಡಣೆ, ಪ್ರಾಣಿಯ ವಿಳಾಸವಲ್ಲ. ಕಲ್ಲು ತೀರಾ ದೊಡ್ಡದಾಗಿದ್ದರೆ ಪ್ರಾಣಿ ಕೂತಿರುವ ಭಾಗವನ್ನಷ್ಟೇ ಉಳಿ ಸುತ್ತಿಗೆಯಲ್ಲಿ ಒಡೆದುಕೊಳ್ಳಿ. ಪ್ರಾಣಿಯನ್ನೇ ಕಲ್ಲಿನಿಂದ ಎಬ್ಬಿಸುವುದು ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ.

ಇನ್ನು ಆ ಗಾಳಿಯ ಮಾತು. ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮುಂದಿನ ತಿಂಗಳು ಮತ್ತೆ ಅದೇ ಪ್ರಶ್ನೆ ಬರುತ್ತದೆ, ಆದ್ದರಿಂದ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಮೀನನ್ನು ಹೊರಗೆ ತೆಗೆದರೆ ಅದರ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ಕಟ್ಟುತ್ತದೆ. ಅದನ್ನು ನೋಡಿದವರು ಹವಳಕ್ಕೂ ಅದೇ ಲೆಕ್ಕ ಹಾಕುತ್ತಾರೆ. ಹವಳಕ್ಕೆ ಕಿವಿರು ಎಲ್ಲಿದೆ? ಮೈಯ ಚರ್ಮದ ಮೂಲಕವೇ ಅದರ ಉಸಿರಾಟ. ಮೈ ಒದ್ದೆಯಾಗಿರುವಷ್ಟು ಹೊತ್ತು ಅದಕ್ಕೆ ಗಾಬರಿಯಿಲ್ಲ. ಗುಜರಾತಿನ ಕಚ್ ಕೊಲ್ಲಿಯಲ್ಲಿ, ಜಾಮ್‌ನಗರದ ಹತ್ತಿರದ ನರಾರಾದಲ್ಲಿ, ಸಮುದ್ರದ ಇಳಿತದ ಹೊತ್ತಿಗೆ ಜನ ನಡೆದುಕೊಂಡೇ ಹೋಗಿ ಹವಳ ನೋಡಿ ಬರುತ್ತಾರೆ. ನೀರು ಹಿಂದೆ ಸರಿದಾಗ ದಿಬ್ಬದ ಮೇಲಿನ ಹವಳಗಳು ಬಿಸಿಲಲ್ಲೇ ಇರುತ್ತವೆ. ಲೋಳೆ ಸುರಿಸಿ ಮೈ ಮುಚ್ಚಿಕೊಂಡು, ಭರತ ಬರುವವರೆಗೆ ಸುಮ್ಮನಿರುತ್ತವೆ. 1982ರಲ್ಲಿ ಅಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಮಾಡುವುದಕ್ಕೂ ಸಾವಿರಾರು ವರ್ಷ ಮುಂಚಿನಿಂದ ಅವುಗಳ ಬದುಕು ಹೀಗೇ ನಡೆದಿದೆ. ಕಡಲ ಬಂಡೆಯ ಸಂದಿಯಲ್ಲಿ ಇಳಿತದ ವೇಳೆ ಜೆಲ್ಲಿ ಉಂಡೆಯ ಹಾಗೆ ಮುದುರಿ ಕೂತ ಅನೆಮೊನಿಯನ್ನು ಕಂಡವರು ಈ ಪ್ರಶ್ನೆ ಕೇಳುವುದಿಲ್ಲ. ನೀವು ದುಡ್ಡು ಕೊಟ್ಟು ತರುವ ಕೋರಲ್ ತುಂಡನ್ನೂ ಯಾರೋ ಹೊರಗೆ ತೆಗೆದು, ಮೇಜಿನ ಮೇಲಿಟ್ಟು ಕತ್ತರಿಸಿ, ಗೋಂದು ಹಾಕಿ ಅಂಟಿಸಿಯೇ ಮಾರಿರುತ್ತಾರೆ.

ಇದು ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು, ಆದರೆ ಇದರಿಂದಲೇ ಪ್ರಾಣಿಗಳು ಸಾಯುತ್ತಿವೆ. ಗಾಳಿಗೆ ಹೆದರಿದವರು ಮೊಣಕೈವರೆಗೆ ಕೈ ಇಳಿಸಿ, ಕದಡಿದ ನೀರಿನಲ್ಲಿ ಏನೂ ಕಾಣದೆ, ಅನೆಮೊನಿಯ ಪಾದದ ಕೆಳಗೆ ಉಗುರು ತೂರಿಸಿ ಎಳೆಯುತ್ತಾರೆ. ಅದು ಬೆದರಿ ಇನ್ನೂ ಗಟ್ಟಿಯಾಗಿ ಕಲ್ಲು ಹಿಡಿಯುತ್ತದೆ, ಇವರು ಇನ್ನೂ ಜೋರಾಗಿ ಎಳೆಯುತ್ತಾರೆ, ಪಾದ ಹರಿಯುತ್ತದೆ. ಅವತ್ತು ಸಂಜೆ ಚೆನ್ನಾಗಿಯೇ ಅರಳಿರುತ್ತದೆ. ಎರಡು ಮೂರು ದಿನದಲ್ಲಿ ಬಾಯಿ ಸಡಿಲವಾಗಿ ಒಳಗಿನ ಎಳೆಗಳು ಹೊರಬರುತ್ತವೆ, ಆಮೇಲೆ ಕರಗುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಕೊಳೆತ ಅನೆಮೊನಿ ಇಡೀ ಟ್ಯಾಂಕಿನ ನೀರು ಕೆಡಿಸುತ್ತದೆ. ಕೊನೆಗೆ ಬೈಗುಳ ತಿನ್ನುವುದು ಮಾತ್ರ ಗಾಳಿ.

ಈ ಮಾತಿನಲ್ಲಿ ಒಂದು ಕಾಳಿನಷ್ಟು ನಿಜವಿದೆ, ಅದನ್ನೂ ಹೇಳುತ್ತೇನೆ. ಸ್ಪಂಜುಗಳನ್ನು ನಿಜಕ್ಕೂ ನೀರಿನಿಂದ ಹೊರಗೆ ತೆಗೆಯಬಾರದು. ಮೈತುಂಬ ಇರುವ ಸಣ್ಣ ನಾಳಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಹೊರಗೆ ಹಾಕಲು ಅದಕ್ಕೆ ಆಗುವುದಿಲ್ಲ, ಆ ಜಾಗ ಬೆಳ್ಳಗಾಗಿ ಕೊಳೆಯುತ್ತದೆ. ಕಲ್ಲಿನ ಅಡಿಭಾಗದಲ್ಲಿ ಸ್ಪಂಜು ಬೆಳೆದಿದ್ದರೆ ಬಕೆಟ್ಟನ್ನೇ ಟ್ಯಾಂಕಿನೊಳಗೆ ಮುಳುಗಿಸಿ, ಕಲ್ಲನ್ನು ಅದರೊಳಗೆ ಸರಿಸಿ, ನೀರಿನ ಸಮೇತ ಎತ್ತಿ. ಟಾರ್ಚ್, ಹ್ಯಾಮರ್, ಬಬಲ್ ಕೋರಲ್‌ಗಳ ಕಥೆ ಬೇರೆ. ಅವು ನೀರು ಕುಡಿದು ಬಲೂನಿನ ಹಾಗೆ ಉಬ್ಬಿರುತ್ತವೆ. ಹಾಗೇ ಎತ್ತಿದರೆ ಆ ನೀರಿನ ಭಾರಕ್ಕೆ ಮಾಂಸ ಜೋತುಬಿದ್ದು ಕೆಳಗಿನ ಚೂಪಾದ ಅಸ್ಥಿಯ ಮೇಲೆ ಸೀಳುತ್ತದೆ. ಅಲ್ಲೂ ತಪ್ಪು ಭಾರದ್ದೇ. ಮೊದಲು ಕೈಯಿಂದ ಮೆಲ್ಲಗೆ ನೀರು ಬೀಸಿ. ಪೂರ್ತಿ ಒಳಗೆ ಎಳೆದುಕೊಳ್ಳುವವರೆಗೆ ಕಾದು, ಬುಡದ ಅಸ್ಥಿಯನ್ನು ಹಿಡಿದು ಎತ್ತಿ. ಮತ್ತೆ ಫ್ಯಾನ್ ಕೆಳಗೆ, ಎಸಿ ಗಾಳಿಗೆ ಯಾವುದನ್ನೂ ಇಡಬೇಡಿ. ನೆರಳಿನಲ್ಲಿ, ಆಗಾಗ ಟ್ಯಾಂಕಿನದೇ ನೀರು ಚಿಮುಕಿಸುತ್ತಿದ್ದರೆ 5–10 ನಿಮಿಷ ಧಾರಾಳವಾಗಿ ಕೆಲಸ ಮಾಡಬಹುದು.

ಅನೆಮೊನಿಯನ್ನು ಬಿಡಿಸಲೇಬೇಕಾಗಿ ಬಂದರೆ ಅದಾಗಿಯೇ ಕಾಲು ಕೀಳುವಂತೆ ಮಾಡಬೇಕು. ಕಲ್ಲನ್ನು ಎತ್ತಿ ಟ್ಯಾಂಕಿನ ನೀರಿರುವ ಅಗಲ ಟಬ್‌ನಲ್ಲಿಡಿ. ಪಾದ ಕಣ್ಣಿಗೆ ಕಾಣಬೇಕು, ಅರ್ಧ ಕೆಲಸ ಅದೇ. ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಡು ಕಟ್ಟಿ ಪಾದದ ಅಂಚಿನ ಕಲ್ಲಿಗೆ, ಕಲ್ಲು ತೆಳ್ಳಗಿದ್ದರೆ ಅದರ ಹಿಂಬದಿಗೆ, ಒತ್ತಿ ಹಿಡಿಯಿರಿ. ತಂಪು ತಾಳದೆ ಅಂಚು ಸಡಿಲಾಗುತ್ತದೆ. ಸಡಿಲಾದ ಕಡೆ ಹೆಬ್ಬೆರಳಿನ ಮೆತ್ತನೆ ಭಾಗವನ್ನೋ ಹಳೆಯ ಎಟಿಎಂ ಕಾರ್ಡನ್ನೋ ಜಾರಿಸಿ, ನಿಲ್ಲಿ. ಬಿಗಿಯಾದರೆ ಕೈ ತೆಗೆದು ಹತ್ತು ನಿಮಿಷ ಕಾಯಿರಿ. ಒಂದು ಗಂಟೆ ಹಿಡಿಯಬಹುದು, ಹಿಡಿಯಲಿ. ಪಾದ ಬಿರುಕಿನ ಆಳಕ್ಕೆ ಇಳಿದಿದ್ದರೆ ಐಸಿನ ಆಟ ನಡೆಯುವುದಿಲ್ಲ. ಬಿರುಕಿನ ಎರಡೂ ಬದಿಯ ಕಲ್ಲನ್ನು ಒಡೆಯುವುದೇ ಸರಿ. ಹೊಸ ಜಾಗದಲ್ಲಿ ಒಂದು ಗುಳಿ ನೋಡಿ ಪಾದ ಕೆಳಗಾಗಿ ಕೂರಿಸಿ, ಪಂಪ್‌ಗಳನ್ನು ಒಂದು ಗಂಟೆ ನಿಲ್ಲಿಸಿ. ಮತ್ತೆ ಶುರುಮಾಡುವ ಮುಂಚೆ ಪಂಪ್ ಬಾಯಿಗೆ ಜಾಲರಿಯನ್ನೋ ಫೋಮನ್ನೋ ಕಟ್ಟಿ. ಮುಂದಿನ ಕೆಲವು ದಿನ ಅದು ಅಲೆಯುವುದು ಖಂಡಿತ.

ಮಶ್ರೂಮ್‌ಗೆ ಗೋಂದು ಹಾಕಿ ಕೈ ಸುಟ್ಟುಕೊಳ್ಳಬೇಡಿ. ಆ ಲೋಳೆಗೆ ಯಾವ ಗೋಂದೂ ಹಿಡಿಯುವುದಿಲ್ಲ. ಬುಡದ ಕಲ್ಲಿನ ಚಕ್ಕೆ ಸಮೇತ ಎಬ್ಬಿಸಿ ಚಕ್ಕೆಗೆ ಗೋಂದು ಹಚ್ಚಿ. ಬರಿಮೈಯಲ್ಲಿ ಕಿತ್ತುಬಂದರೆ ಸಣ್ಣ ಕಲ್ಲುಚೂರು ತುಂಬಿದ ಬಟ್ಟಲಿಗೆ ಹಾಕಿ, ಮೇಲೆ ಜಾಲರಿ ಬಟ್ಟೆ ಕಟ್ಟಿ, ನೀರು ನಿಧಾನವಾಗಿ ಹರಿಯುವ ಮೂಲೆಯಲ್ಲಿಡಿ. ಒಂದೆರಡು ವಾರದಲ್ಲಿ ತಾನೇ ಯಾವುದೋ ಚೂರನ್ನು ಹಿಡಿದುಕೊಂಡಿರುತ್ತದೆ. ಗೋಂದು ಅಂದರೆ ಸಯನೋಅಕ್ರಿಲೇಟ್ ಜೆಲ್, ನೀರಿನ ಹಾಗೆ ಹರಿಯುವ ಸೂಪರ್ ಗ್ಲೂ ಅಲ್ಲ. ಟ್ರೈಡಾಕ್ನಾ ಎಂಬ ದೊಡ್ಡ ಕಡಲ ಚಿಪ್ಪುಪ್ರಾಣಿ ಇದ್ದರೆ ಅದನ್ನು ಎಳೆಯಲೇಬಾರದು. ಕೆಳಗಿನ ನಾರಿನಂಥ ಎಳೆಗಳನ್ನು ಕಲ್ಲಿನ ಕಡೆಯೇ ಬ್ಲೇಡಿನಿಂದ ಕತ್ತರಿಸಿ. ಎಳೆ ಮತ್ತೆ ಬೆಳೆಯುತ್ತದೆ, ಅದು ಹುಟ್ಟುವ ಗ್ರಂಥಿ ಕಿತ್ತುಬಂದರೆ ಚಿಪ್ಪು ಉಳಿಯುವುದಿಲ್ಲ.

ಹಿಂದಿನ ದಿನವೇ ಹೊಸ ಉಪ್ಪುನೀರು ಕಲಸಿ, ಟ್ಯಾಂಕಿನ ಕಾಲು ಭಾಗದಷ್ಟಾದರೂ, 1.025 ಸಾಂದ್ರತೆ, 25–26 ಡಿಗ್ರಿಗೆ ತಂದಿಟ್ಟುಕೊಳ್ಳಿ. ಅನೆಮೊನಿಗೆ ಬೇರೆ ಬಕೆಟ್, ಲೆದರ್ ಕೋರಲ್‌ಗೆ ಬೇರೆ ಬಕೆಟ್. ಮೊದಲನೆಯದು ಕುಟುಕುತ್ತದೆ, ಎರಡನೆಯದು ನೀರಿಗೆ ವಿಷ ಬಿಡುತ್ತದೆ. ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿ ಏರ್ ಪಂಪ್ ಹತ್ತಿರ ಇರಲಿ. ಕಲ್ಲುಗಳನ್ನು ಮರಳಿನ ಮೇಲೆ ನಿಲ್ಲಿಸಬೇಡಿ, ಮರಳು ಸರಿಸಿ ತಳದ ಗಾಜಿಗೇ ಕೂರಿಸಿ, ಇಲ್ಲದಿದ್ದರೆ ಮೀನೋ ಸೀಗಡಿಯೋ ತೋಡಿ ಬೀಳಿಸುತ್ತವೆ. ಮರಳು ಸರಿಸುವಾಗ ಕಪ್ಪು ಪದರ ಬಂದು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅಲ್ಲಿಗೇ ನಿಲ್ಲಿಸಿ ಆ ಮರಳನ್ನು ಸೈಫನ್ ಮಾಡಿ ಹೊರಹಾಕಿ. ಎಲ್ಲ ಮುಗಿದ ಮೇಲೆ ಫಿಲ್ಟರಿಗೆ ಹೊಸ ಕಾರ್ಬನ್ (ನೀರು ಶುದ್ಧ ಮಾಡುವ ಇದ್ದಿಲು) ಹಾಕಿ, ಲೈಟಿನ ಪ್ರಖರತೆಯನ್ನು ಮೂರನೇ ಒಂದು ಭಾಗ ಇಳಿಸಿ ಎರಡು ವಾರದಲ್ಲಿ ಮೊದಲಿನಷ್ಟಕ್ಕೆ ತನ್ನಿ. ನೆರಳಿನಲ್ಲಿದ್ದ ಕೋರಲ್ಲನ್ನು ಒಮ್ಮೆಲೇ ತುದಿಗೆ ಏರಿಸಿದರೆ ಬಿಳಿಚಿಕೊಳ್ಳುತ್ತದೆ, ಆಗಲೂ ಗಾಳಿಯನ್ನೇ ಬೈಯಬೇಡಿ.

ಭಾರತದಲ್ಲಿರುವವರಿಗೆ ಇನ್ನೊಂದು ಮಾತು. ಗಟ್ಟಿ ಹವಳಗಳು 2001ರಿಂದಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ಜೇಬಿಗಿಳಿಸಿದರೂ ಅಪರಾಧವೇ.

ನೀವು ಕೇಳದೇ ಇದ್ದದ್ದೊಂದಿದೆ. ಗಾಳಿಗೆ ಹೆದರುವವರು ಯಾರೂ ಝೋವಾಗೆ ಹೆದರುವುದಿಲ್ಲ. ಹೆದರಬೇಕಾದ್ದು ಅದಕ್ಕೇ. ಹವಾಯಿಯ ಮಾವಿ ದ್ವೀಪದಲ್ಲಿ, ಹಾನಾ ಎಂಬ ಊರಿನ ಹತ್ತಿರದ ಕಡಲ ಹೊಂಡದಲ್ಲಿ ಬೆಳೆಯುತ್ತಿದ್ದದ್ದನ್ನು ಅಲ್ಲಿಯವರು 'ಹಾನಾದ ಸಾವಿನ ಪಾಚಿ' ಅನ್ನುತ್ತಿದ್ದರು, ಅದನ್ನು ಈಟಿಯ ಮೊನೆಗೆ ಸವರುತ್ತಿದ್ದರೆಂಬ ಮಾತಿದೆ. ಅದು ಪಾಚಿಯಲ್ಲ, ಝೋವಾದ ಹತ್ತಿರದ ನಂಟ ಪಾಲಿಥೋವಾ. ಅದರಿಂದ 1971ರಲ್ಲಿ ಬೇರ್ಪಡಿಸಿದ ಪಾಲಿಟಾಕ್ಸಿನ್ ನಮಗೆ ಗೊತ್ತಿರುವ ಅತಿ ಘೋರ ವಿಷಗಳಲ್ಲಿ ಒಂದು. ನಿಮ್ಮ ಟ್ಯಾಂಕಿನಲ್ಲಿ ಇರುವುದರಲ್ಲಿ ಆ ವಿಷ ಎಷ್ಟಿದೆ ಅಂತ ನೋಡಿ ಹೇಳಲಾಗದು. ಹಾಗಾಗಿ ಕೆರೆಯುವಾಗ, ಕತ್ತರಿಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕತ್ತರಿಸಿದಾಗ ರಸ ಚಿಮ್ಮುತ್ತದೆ. ಬೇಡದ ಝೋವಾ ಹೋಗಲಿ ಅಂತ ಕಲ್ಲನ್ನು ಒಲೆಯ ಮೇಲೆ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಬ್ರಶ್ಶಿನಲ್ಲಿ ಉಜ್ಜಬೇಡಿ. ಕುದಿಸಿದರೆ ವಿಷ ಸಾಯುವುದಿಲ್ಲ, ಹಬೆಯ ಜೊತೆ ಮನೆಮಂದಿಯ ಎದೆಗಿಳಿಯುತ್ತದೆ. ಹೀಗೆ ಮಾಡಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಳಸಿದ ಉಳಿ, ಕತ್ತರಿಗಳನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಮನೆಯ ಹೊರಗೆ ಅರ್ಧ ಗಂಟೆ ನೆನೆಸಿ. ಬಾಯಲ್ಲಿ ಲೋಹದ ರುಚಿ, ಜ್ವರ, ಕೆಮ್ಮು, ಮೈಕೈ ನೋವು ಕಾಣಿಸಿಕೊಂಡರೆ ಮನೆಯಲ್ಲಿ ಕಷಾಯ ಕುಡಿಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ, 'ಪಾಲಿಟಾಕ್ಸಿನ್' ಅಂತ ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಪ್ರತಿವಿಷ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ, ಆದರೆ ಮೀನಿನ ತೊಟ್ಟಿ ತೊಳೆದು ಜ್ವರ ಬಂತು ಅಂದರೆ ಯಾವ ಡಾಕ್ಟರಿಗೂ ಈ ಹೆಸರು ಹೊಳೆಯುವುದಿಲ್ಲ.